ಹರಿದ್ವಾರ, ಋಷಿಕೇಶ ಹಾಗೂ ಗಢವಾಲ್ ಹಿಮಾಲಯದ ತಪ್ಪಲಿನ ತಾಣಗಳು: ಯಾತ್ರಾರ್ಥಿಗಳಿಗೆ ಮತ್ತು ಪ್ರವಾಸಿಗರಿಗೆ ಮಾಹಿತಿ

ಗಂಗಾನದಿಯು ಪರ್ವತ ಪ್ರದೇಶವನ್ನು ಬಿಟ್ಟು ಬಯಲು ಸೀಮೆಯನ್ನು ಪ್ರವೇಶಿಸುವ ಸ್ಥಳದಲ್ಲಿ ಹರಿದ್ವಾರ ನಗರವಿದೆ. ಬದರಿನಾಥಕ್ಕೆ ಹೋಗುವ ವೈಷ್ಣವರಿಗೆ ಇದು ಹರಿಯ ದ್ವಾರ. ಕೇದಾರಕ್ಕೆ ಹೋಗುವ ಶೈವರಿಗೆ ಹರದ್ವಾರ. ಹೆಸರಿನ ಕುರಿತು ಎರಡು ಅಭಿಪ್ರಾಯಗಳಿದ್ದರೂ ದ್ವಾರವೆಂಬ ಮಾತಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಇಲ್ಲಿಂದ ಸುಮಾರು 25 ಕಿ.ಮೀ. ದೂರದಲ್ಲಿರುವ ಋಷಿಕೇಶದಿಂದ ಮುಂದಕ್ಕೆ ಘಟ್ಟದ ರಸ್ತೆ ಆರಂಭವಾಗುತ್ತದೆ. ಯಮುನೋತ್ರಿ, ಗಂಗೋತ್ರಿ, ಕೇದಾರನಾಥ ಮತ್ತು ಬದರಿನಾಥಗಳನ್ನೊಳಗೊಂಡ ಚಾರ್‌ಧಾಮ್ ಯಾತ್ರೆಗೆ, ಮಸ್ಸೂರಿ, ಧನೋಲ್ಟಿ, ಟಿಹರಿ ಮುಂತಾದ ಗಿರಿಧಾಮಗಳಿಗೆ ಹಾಗೂ ಗಢವಾಲ್ ಪ್ರದೇಶದ ಬಹುತೇಕ ಚಾರಣಗಳಿಗೆ ಈ ಅವಳಿ ಪಟ್ಟಣಗಳೇ ಹೆಬ್ಬಾಗಿಲು.

ಕರ್ನಾಟಕದಿಂದ ಪ್ರತಿ ವರ್ಷವೂ ದೊಡ್ಡ ಸಂಖ್ಯೆಯ ಯಾತ್ರಾರ್ಥಿಗಳು ಈ ಮಾರ್ಗದಲ್ಲಿ ಪ್ರಯಾಣಿಸುತ್ತಾರೆ. ಇವರಲ್ಲಿ ಅನೇಕರು ಹಿರಿಯ ನಾಗರಿಕರಾಗಿದ್ದು, ಅವರಿಗೆ ಹಿಮಾಲಯದ ಹವಾಮಾನ, ಎತ್ತರ ಮತ್ತು ನೋಂದಣಿ ನಿಯಮಗಳ ಪರಿಚಯ ಇರುವುದಿಲ್ಲ. ಊರಿನಲ್ಲಿಯೇ ಒಂದೆರಡು ಕೆಲಸಗಳನ್ನು ಮುಗಿಸಿಕೊಂಡು ಹೊರಟಲ್ಲಿ ತಪ್ಪಿಸಬಹುದಾಗಿದ್ದ ತೊಂದರೆಗಳು ಹಲವು. ಅವುಗಳನ್ನು ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

ತಲುಪುವ ಬಗೆ

ಕರ್ನಾಟಕದಿಂದ ರೈಲಿನಲ್ಲಿ ಹೊರಡುವವರು ಸಾಮಾನ್ಯವಾಗಿ ಕರ್ನಾಟಕ ಎಕ್ಸ್‌ಪ್ರೆಸ್ ಅಥವಾ ಬೆಂಗಳೂರು ರಾಜಧಾನಿ ಎಕ್ಸ್‌ಪ್ರೆಸ್ ಮೂಲಕ ದೆಹಲಿ ತಲುಪಿ, ಅಲ್ಲಿಂದ ಡೆಹ್ರಾಡೂನ್ ಕಡೆಗೆ ಹೋಗುವ ರೈಲುಗಳಲ್ಲಿ ಹರಿದ್ವಾರಕ್ಕೆ ಪ್ರಯಾಣ ಮುಂದುವರಿಸುತ್ತಾರೆ. ಕರ್ನಾಟಕ ಎಕ್ಸ್‌ಪ್ರೆಸ್ ನವದೆಹಲಿ ನಿಲ್ದಾಣಕ್ಕೂ, ರಾಜಧಾನಿಯು ಹಜರತ್ ನಿಜಾಮುದ್ದೀನ್ ನಿಲ್ದಾಣಕ್ಕೂ ಹೋಗುತ್ತವೆ. ಮುಂದಿನ ರೈಲು ಬೇರೆ ನಿಲ್ದಾಣದಿಂದ ಹೊರಡುವುದಾದಲ್ಲಿ ಎರಡರ ನಡುವೆ ಸಾಕಷ್ಟು ಕಾಲಾವಕಾಶ ಇರಿಸಿಕೊಳ್ಳತಕ್ಕದ್ದು. ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಉತ್ತರ ಭಾರತದ ಮಂಜಿನಿಂದಾಗಿ ರೈಲುಗಳು ಹಲವು ಗಂಟೆಗಳ ಕಾಲ ತಡವಾಗುವುದು ಸಾಮಾನ್ಯವಾದುದರಿಂದ, ಈ ಅವಧಿಯಲ್ಲಿ ಅದೇ ದಿನದ ಸಂಪರ್ಕ ರೈಲನ್ನು ನೆಚ್ಚಿಕೊಳ್ಳುವುದು ಸೂಕ್ತವಲ್ಲ.

ಋಷಿಕೇಶದಲ್ಲಿ ಹಳೆಯ ನಿಲ್ದಾಣವಲ್ಲದೆ, 2021ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಯೋಗನಗರಿ ಋಷಿಕೇಶ ನಿಲ್ದಾಣವೂ ಇದೆ. ಇವೆರಡೂ ಬೇರೆ ಬೇರೆ ಸ್ಥಳಗಳಲ್ಲಿರುವುದರಿಂದ ಟಿಕೆಟ್ ಕಾಯ್ದಿರಿಸುವಾಗ ಹೆಸರನ್ನು ಗಮನಿಸಬೇಕು. ಇಲ್ಲಿಂದ ಕರ್ಣಪ್ರಯಾಗದವರೆಗೆ 125 ಕಿ.ಮೀ. ಉದ್ದದ, ಬಹುಪಾಲು ಸುರಂಗಗಳಲ್ಲಿಯೇ ಸಾಗುವ ರೈಲು ಮಾರ್ಗದ ಯೋಜನೆಯನ್ನು ಕೈಗೆತ್ತಿಕೊಳ್ಳಲಾಗಿದೆ. ವಿಮಾನದಲ್ಲಿ ಬರುವವರಿಗೆ ಡೆಹ್ರಾಡೂನ್‌ನ ಜಾಲಿ ಗ್ರಾಂಟ್ ವಿಮಾನ ನಿಲ್ದಾಣವು ಸಮೀಪದ್ದು. ಹೆಸರಿಗೆ ಡೆಹ್ರಾಡೂನ್ ನಿಲ್ದಾಣವಾದರೂ ಇದು ಡೆಹ್ರಾಡೂನ್ ನಗರಕ್ಕಿಂತ ಋಷಿಕೇಶಕ್ಕೇ ಹತ್ತಿರದಲ್ಲಿದೆ.

ಮುಂದಿನ ಪ್ರಯಾಣದ ಅಂದಾಜನ್ನು ಕಿಲೋಮೀಟರ್ ಲೆಕ್ಕದಲ್ಲಿ ಮಾಡುವುದು ಕರ್ನಾಟಕದ ಪ್ರವಾಸಿಗರು ಸಾಮಾನ್ಯವಾಗಿ ಮಾಡುವ ತಪ್ಪು. ಋಷಿಕೇಶದಿಂದ ದೇವಪ್ರಯಾಗಕ್ಕೆ ಸುಮಾರು 70 ಕಿ.ಮೀ., ರುದ್ರಪ್ರಯಾಗಕ್ಕೆ ಸುಮಾರು 140 ಕಿ.ಮೀ., ಬದರಿನಾಥಕ್ಕೆ ಸುಮಾರು 300 ಕಿ.ಮೀ. ದೂರವಿದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಇರುವಷ್ಟೇ ದೂರವೆಂದು ಭಾವಿಸಿ ಒಂದೇ ದಿನದಲ್ಲಿ ಬದರಿನಾಥ ತಲುಪುವಂತೆ ಕಾರ್ಯಕ್ರಮ ಹಾಕಿಕೊಳ್ಳುವವರಿದ್ದಾರೆ. ಘಟ್ಟದ ರಸ್ತೆಯಲ್ಲಿ ಗಂಟೆಗೆ 25ರಿಂದ 30 ಕಿ.ಮೀ. ಮಾತ್ರ ಲೆಕ್ಕ ಹಿಡಿಯುವುದು ಕ್ಷೇಮ. ರಾತ್ರಿ ವೇಳೆ ಯಾತ್ರಾ ಮಾರ್ಗಗಳಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿರುತ್ತದೆ. ಗುಡ್ಡ ಕುಸಿದು ರಸ್ತೆ ಬಂದ್ ಆದಲ್ಲಿ ಅರ್ಧ ದಿನ ಅಲ್ಲಿಯೇ ಕಾಯಬೇಕಾದೀತು. ಆದುದರಿಂದ ಹಿಂದಿರುಗುವ ರೈಲು ಅಥವಾ ವಿಮಾನಕ್ಕೆ ಮೊದಲು ಕನಿಷ್ಠ ಒಂದು ಪೂರ್ಣ ದಿನವನ್ನು ಋಷಿಕೇಶ ಅಥವಾ ಹರಿದ್ವಾರದಲ್ಲಿ ಖಾಲಿ ಇರಿಸಿಕೊಳ್ಳುವುದು ಅಪೇಕ್ಷಣೀಯ.

ಹರಿದ್ವಾರದಲ್ಲಿ

ಹರ್ ಕಿ ಪೌಡಿ ಘಟ್ಟದಲ್ಲಿ ಪ್ರತಿದಿನ ಸಂಜೆ ನಡೆಯುವ ಗಂಗಾ ಆರತಿಯು ಹರಿದ್ವಾರದ ಮುಖ್ಯ ಆಕರ್ಷಣೆ. ಸೂರ್ಯಾಸ್ತದ ವೇಳೆಗೆ ಮೆಟ್ಟಿಲುಗಳು ತುಂಬಿಹೋಗುವುದರಿಂದ ಒಂದು ಗಂಟೆ ಮುಂಚಿತವಾಗಿ ತಲುಪಿದಲ್ಲಿ ಹಿರಿಯರಿಗೆ ಕುಳಿತುಕೊಳ್ಳಲು ಸ್ಥಳ ದೊರೆಯುತ್ತದೆ. ಘಟ್ಟದ ಬಳಿ ಹರಿಯುವುದು ನದಿಯ ಮುಖ್ಯ ಪಾತ್ರವಲ್ಲ, ಅದರಿಂದ ತಿರುಗಿಸಿದ ಧಾರೆ. 1854ರಲ್ಲಿ ಆರಂಭವಾದ ಮೇಲ್ಗಂಗಾ ಕಾಲುವೆಯ ವ್ಯವಸ್ಥೆಯೊಂದಿಗೆ ಇದು ಸೇರಿಕೊಂಡಿದೆ. ಕಾಲುವೆಯ ವಾರ್ಷಿಕ ದುರಸ್ತಿಗಾಗಿ ದಸರಾದಿಂದ ದೀಪಾವಳಿಯವರೆಗೆ ನೀರನ್ನು ನಿಲ್ಲಿಸಲಾಗುವುದರಿಂದ ಈ ಅವಧಿಯಲ್ಲಿ ಘಟ್ಟದಲ್ಲಿ ನೀರಿನ ಮಟ್ಟ ಬಹಳ ಇಳಿದಿರುತ್ತದೆ. ದಸರಾ ರಜೆಯಲ್ಲಿ ಗಂಗಾಸ್ನಾನಕ್ಕೆಂದೇ ಕುಟುಂಬಸಮೇತ ಹೊರಡುವ ಕನ್ನಡಿಗರು ಇದನ್ನು ತಿಳಿದಿರುವುದು ಒಳಿತು.

ನೀರು ಹರಿಯುವ ದಿನಗಳಲ್ಲಿ ಸೆಳೆತ ಬಲವಾಗಿರುತ್ತದೆ. ಘಟ್ಟಗಳಲ್ಲಿ ಅಳವಡಿಸಿರುವ ಸರಪಳಿಗಳನ್ನು ಹಿಡಿದೇ ಸ್ನಾನ ಮಾಡತಕ್ಕದ್ದು. ಕಾವೇರಿ, ತುಂಗೆಗಳಲ್ಲಿ ಈಜಿ ಅಭ್ಯಾಸವಿರುವವರು ಸಹ ಹಿಮ ಕರಗಿ ಬರುವ ಈ ತಣ್ಣೀರಿನಲ್ಲಿ ಕೈಕಾಲು ಮರಗಟ್ಟಿ ಅಪಾಯಕ್ಕೆ ಸಿಲುಕುವ ಸಾಧ್ಯತೆಯಿದೆ.

ಮನಸಾ ದೇವಿ ಮತ್ತು ಚಂಡಿ ದೇವಿ ದೇವಸ್ಥಾನಗಳು ಎರಡು ಬೆಟ್ಟಗಳ ಮೇಲಿದ್ದು, ಎರಡಕ್ಕೂ ರೋಪ್‌ವೇ ಸೌಲಭ್ಯವಿದೆ. 2025ರ ಜುಲೈ 27ರ ಭಾನುವಾರ ಮನಸಾ ದೇವಿ ದೇವಸ್ಥಾನದ ಮೆಟ್ಟಿಲುದಾರಿಯಲ್ಲಿ ನೂಕುನುಗ್ಗಲು ಉಂಟಾಗಿ ಪ್ರಾಣಹಾನಿ ಸಂಭವಿಸಿತು. ಶ್ರಾವಣದ ಭಾನುವಾರಗಳು, ಸೋಮವಾರಗಳು ಮತ್ತು ಪರ್ವದಿನಗಳಂದು ಬೆಟ್ಟದ ದೇವಸ್ಥಾನಗಳಿಗೆ ಮಕ್ಕಳನ್ನೂ ವೃದ್ಧರನ್ನೂ ಕರೆದೊಯ್ಯದಿರುವುದು ಲೇಸು. ಉತ್ತರ ಭಾರತದ ಪಂಚಾಂಗದ ಪ್ರಕಾರ ಶ್ರಾವಣವು ಕರ್ನಾಟಕದ ಪಂಚಾಂಗಕ್ಕಿಂತ ಹದಿನೈದು ದಿನ ಮೊದಲೇ ಆರಂಭವಾಗುತ್ತದೆ. ಈ ಅವಧಿಯಲ್ಲಿ ನಡೆಯುವ ಕಾಂವಡ್ ಯಾತ್ರೆಯಲ್ಲಿ ಲಕ್ಷಾಂತರ ಭಕ್ತರು ಗಂಗಾಜಲ ಹೊತ್ತು ಕಾಲ್ನಡಿಗೆಯಲ್ಲಿ ಸಾಗುವುದರಿಂದ ದೆಹಲಿ–ಹರಿದ್ವಾರ ಹೆದ್ದಾರಿಯಲ್ಲಿ ವಾಹನ ಸಂಚಾರವನ್ನು ಬದಲಿ ಮಾರ್ಗಗಳಿಗೆ ತಿರುಗಿಸಲಾಗುತ್ತದೆ. ಬೇರೆ ಉದ್ದೇಶದ ಪ್ರವಾಸಿಗರು ಆ ಎರಡು ವಾರಗಳನ್ನು ಬಿಟ್ಟು ಹೋಗುವುದು ಸೂಕ್ತ.

ಪಿತೃಕಾರ್ಯಕ್ಕಾಗಿ ಬರುವವರು ಪಾಂಡಾಗಳೊಂದಿಗೆ ದಕ್ಷಿಣೆಯ ಮೊತ್ತವನ್ನು ಕಾರ್ಯ ಆರಂಭಕ್ಕೆ ಮುನ್ನವೇ ಸ್ಪಷ್ಟಪಡಿಸಿಕೊಳ್ಳಬೇಕು. ಹಲವು ತಲೆಮಾರುಗಳ ವಂಶಾವಳಿಯನ್ನು ದಾಖಲಿಸಿರುವ ಬಹಿ ಪುಸ್ತಕಗಳು ಇವರ ಬಳಿ ಇರುತ್ತವೆ. ಪೂರ್ವಿಕರು ಹಿಂದೆ ಹರಿದ್ವಾರಕ್ಕೆ ಬಂದಿದ್ದರೆಂಬ ನೆನಪು ಮನೆಯಲ್ಲಿದ್ದಲ್ಲಿ ಊರು, ತಾಲ್ಲೂಕು ಹಾಗೂ ಮುತ್ತಾತನ ಹೆಸರನ್ನು ಬರೆದುಕೊಂಡು ಹೋಗಿ ವಿಚಾರಿಸಬಹುದು.

ಋಷಿಕೇಶ ಮತ್ತು ಸುತ್ತಮುತ್ತ

ಋಷಿಕೇಶವು ಯೋಗ ಮತ್ತು ಆಶ್ರಮಗಳ ಪಟ್ಟಣ. ಸ್ವಾಮಿ ಶಿವಾನಂದರು 1936ರಲ್ಲಿ ಸ್ಥಾಪಿಸಿದ ದಿವ್ಯ ಜೀವನ ಸಂಘದ ಕೇಂದ್ರ, ಪರಮಾರ್ಥ ನಿಕೇತನ, ತ್ರಿವೇಣಿ ಘಟ್ಟ ಮುಂತಾದವು ಸಂದರ್ಶನಯೋಗ್ಯ. ಹರಿದ್ವಾರ ಮತ್ತು ಋಷಿಕೇಶಗಳ ಪುಣ್ಯಕ್ಷೇತ್ರ ವ್ಯಾಪ್ತಿಯಲ್ಲಿ ಮಾಂಸ ಮತ್ತು ಮದ್ಯ ಮಾರಾಟಕ್ಕೆ ನಿಷೇಧವಿದೆ. 1968ರಲ್ಲಿ ಬೀಟಲ್ಸ್ ಗಾಯಕರು ತಂಗಿದ್ದ ಮಹರ್ಷಿ ಮಹೇಶ ಯೋಗಿಯವರ ಆಶ್ರಮದ ಅವಶೇಷಗಳು ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದೊಳಗಿದ್ದು, ಅರಣ್ಯ ಇಲಾಖೆಗೆ ಪ್ರವೇಶ ಶುಲ್ಕ ಪಾವತಿಸಿ ನೋಡಬಹುದಾಗಿದೆ.

ಹಳೆಯ ಪ್ರವಾಸಿ ಕೈಪಿಡಿಗಳಲ್ಲೆಲ್ಲ ಮೊದಲ ಸ್ಥಾನ ಪಡೆದಿರುವ ಲಕ್ಷ್ಮಣ ಝೂಲಾ ತೂಗುಸೇತುವೆಯು ಶಿಥಿಲಗೊಂಡ ಕಾರಣ 2019ರಲ್ಲಿ ಅದರ ಮೇಲೆ ನಿರ್ಬಂಧ ವಿಧಿಸಿ, 2020ರಲ್ಲಿ ಪಾದಚಾರಿಗಳಿಗೂ ಮುಚ್ಚಲಾಯಿತು. ನದಿ ದಾಟಲು ರಾಮ ಝೂಲಾ ಹಾಗೂ 2020ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡ ಜಾನಕಿ ಸೇತು ಇವೆ. ಆಟೋ ಚಾಲಕರು ಇಂದಿಗೂ ಲಕ್ಷ್ಮಣ ಝೂಲಾ ಎಂದೇ ಕರೆಯುವುದು ಆ ಬಡಾವಣೆಯನ್ನು.

ಶಿವಪುರಿ ಕಡೆಯಿಂದ ಆರಂಭವಾಗುವ ರಾಫ್ಟಿಂಗ್ ಯುವಜನರಿಗೆ ಪ್ರಿಯವಾದುದು. ಮಳೆಗಾಲದಲ್ಲಿ, ಮುಖ್ಯವಾಗಿ ಜುಲೈ ಮತ್ತು ಆಗಸ್ಟ್‌ನಲ್ಲಿ, ಇದನ್ನು ಸ್ಥಗಿತಗೊಳಿಸಲಾಗುತ್ತದೆ. ಪರವಾನಗಿ ಹೊಂದಿರುವ ಸಂಸ್ಥೆಗಳ ಮೂಲಕವೇ ತೆರಳಬೇಕು. ಜೀವರಕ್ಷಕ ಜಾಕೆಟ್ ಮತ್ತು ಹೆಲ್ಮೆಟ್ ಧರಿಸದೆ ದೋಣಿಗೆ ಹತ್ತತಕ್ಕದ್ದಲ್ಲ. ನದೀತೀರದ ಬಿಳಿ ಮರಳು ದಂಡೆಗಳು ನಿರಪಾಯವೆಂದು ಕಂಡರೂ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮಟ್ಟವು ಬೇಗನೆ ಏರುತ್ತದೆ. ಇಂತಹ ಸ್ಥಳಗಳಲ್ಲಿ ಮುಳುಗುವವರಲ್ಲಿ ಹೊರ ಊರುಗಳ ಯುವಕರೇ ಹೆಚ್ಚು ಎಂಬುದನ್ನು ಪೋಷಕರು ಮಕ್ಕಳಿಗೆ ಮನವರಿಕೆ ಮಾಡಿಕೊಡಬೇಕು.

ಚಾರ್‌ಧಾಮ್‌ಗೆ ಹೋಗಲು ವಯಸ್ಸು ಅಥವಾ ಆರೋಗ್ಯ ಅನುಮತಿಸದವರಿಗೆ ಋಷಿಕೇಶವನ್ನೇ ನೆಲೆಯಾಗಿಟ್ಟುಕೊಂಡು ಮೂರು ನಾಲ್ಕು ದಿನಗಳಲ್ಲಿ ನೋಡಿಬರಬಹುದಾದ ತಾಣಗಳು ಹಲವು. ದೇವಪ್ರಯಾಗದಲ್ಲಿ ಭಾಗೀರಥಿ ಮತ್ತು ಅಲಕನಂದಾ ನದಿಗಳು ಕೂಡಿ ಗಂಗೆ ಎಂಬ ಹೆಸರು ಪಡೆಯುತ್ತವೆ. ಎರಡು ಬಣ್ಣದ ನೀರು ಬೆರೆಯುವುದನ್ನು ಮಳೆಗಾಲದ ಹೊರತಾದ ದಿನಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಕುಂಜಾಪುರಿ ದೇವಿಯ ಬೆಟ್ಟದಿಂದ ಆಕಾಶ ತಿಳಿಯಾಗಿರುವ ಮುಂಜಾನೆಗಳಲ್ಲಿ ಹಿಮಶಿಖರಗಳು ಗೋಚರಿಸುತ್ತವೆ. ನೀಲಕಂಠ ಮಹಾದೇವ ದೇವಸ್ಥಾನಕ್ಕೆ ಕಾಡಿನ ನಡುವೆ ವಾಹನದಲ್ಲಿ ಹೋಗಬಹುದು. ರಾಜಾಜಿ ಅರಣ್ಯದ ಸಫಾರಿ ವಲಯಗಳು ಸಾಮಾನ್ಯವಾಗಿ ನವೆಂಬರ್ 15ರಿಂದ ಜೂನ್ 15ರವರೆಗೆ ತೆರೆದಿರುತ್ತವೆ. ಆನೆಗಳಿಗೆ ಹೆಸರಾದ ಈ ಅರಣ್ಯಕ್ಕೆ 2015ರಲ್ಲಿ ಹುಲಿ ಸಂರಕ್ಷಿತ ಪ್ರದೇಶದ ಸ್ಥಾನ ದೊರೆಯಿತು. ಚಂಬಾ ಮಾರ್ಗವಾಗಿ ಟಿಹರಿ ಜಲಾಶಯಕ್ಕೆ ಹೋಗಬಹುದಾಗಿದ್ದು, ಅಲ್ಲಿನ ಅಣೆಕಟ್ಟಿನ ಎತ್ತರ 260.5 ಮೀಟರ್. ಹಳೆಯ ಟಿಹರಿ ಪಟ್ಟಣವು ಇದೇ ಜಲಾಶಯದಲ್ಲಿ ಮುಳುಗಿದೆ.

ಡೆಹ್ರಾಡೂನ್‌ನಲ್ಲಿ ಅರಣ್ಯ ಸಂಶೋಧನಾ ಸಂಸ್ಥೆಯ ವಿಶಾಲ ಕಟ್ಟಡ ಮತ್ತು ವಸ್ತುಸಂಗ್ರಹಾಲಯ ನೋಡತಕ್ಕವು. ಅಲ್ಲಿಂದ ಸುಮಾರು 35 ಕಿ.ಮೀ. ಮೇಲಕ್ಕೆ ಸುಮಾರು 2,000 ಮೀಟರ್ ಎತ್ತರದಲ್ಲಿ ಮಸ್ಸೂರಿ ಇದೆ. ಐ.ಎ.ಎಸ್. ಅಧಿಕಾರಿಗಳಿಗೆ ತರಬೇತಿ ನೀಡುವ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಷ್ಟ್ರೀಯ ಆಡಳಿತ ಅಕಾಡೆಮಿಯು ಇಲ್ಲಿಯೇ ಇದೆ. ಮೇ ಮತ್ತು ಜೂನ್ ತಿಂಗಳ ವಾರಾಂತ್ಯಗಳಲ್ಲಿ ಮಸ್ಸೂರಿಯ ರಸ್ತೆಯಲ್ಲಿ ವಾಹನ ದಟ್ಟಣೆ ವಿಪರೀತವಾಗಿರುತ್ತದೆ. ಶಾಂತ ಪರಿಸರ ಬಯಸುವವರಿಗೆ ಧನೋಲ್ಟಿ, ಕಾಣತಾಲ್ ಅಥವಾ ಗಢವಾಲ್ ರೈಫಲ್ಸ್ ಸೇನಾ ರೆಜಿಮೆಂಟಿನ ನೆಲೆಯಾದ ಲ್ಯಾನ್ಸ್‌ಡೌನ್ ಹೆಚ್ಚು ಒಪ್ಪುತ್ತವೆ.

ಚಾರ್‌ಧಾಮ್ ಯಾತ್ರೆಯ ನೋಂದಣಿ

ಚಾರ್‌ಧಾಮ್ ಯಾತ್ರೆ ಕೈಗೊಳ್ಳುವ ಪ್ರತಿಯೊಬ್ಬರೂ ಉತ್ತರಾಖಂಡ ಪ್ರವಾಸೋದ್ಯಮ ಇಲಾಖೆಯಲ್ಲಿ ಮುಂಗಡವಾಗಿ ಹೆಸರು ನೋಂದಾಯಿಸುವುದು ಕಡ್ಡಾಯವಾಗಿರುತ್ತದೆ. ಆ ಇಲಾಖೆಯ ಯಾತ್ರಾ ನೋಂದಣಿ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಯಾತ್ರಿಯ ಹೆಸರು, ಗುರುತಿನ ದಾಖಲೆ, ಮೊಬೈಲ್ ಸಂಖ್ಯೆ, ತುರ್ತು ಸಂಪರ್ಕ ಸಂಖ್ಯೆ ಹಾಗೂ ಪ್ರತಿಯೊಂದು ಧಾಮಕ್ಕೆ ಭೇಟಿ ನೀಡುವ ದಿನಾಂಕಗಳನ್ನು ನಮೂದಿಸಬೇಕು. ನೋಂದಣಿ ಪೂರ್ಣಗೊಂಡ ನಂತರ ದೊರೆಯುವ ಕ್ಯೂಆರ್ ಕೋಡ್ ಸಹಿತವಾದ ಪತ್ರವನ್ನು ಮುದ್ರಿಸಿಕೊಂಡು ಇಟ್ಟುಕೊಳ್ಳತಕ್ಕದ್ದು. ಮಾರ್ಗದ ತಪಾಸಣಾ ಕೇಂದ್ರಗಳಲ್ಲಿ ಇದನ್ನು ಪರಿಶೀಲಿಸಲಾಗುತ್ತದೆ. ಮೇಲೆ ಮೊಬೈಲ್ ಸಂಪರ್ಕ ದೊರೆಯದ ಸ್ಥಳಗಳಿರುವುದರಿಂದ ಫೋನಿನಲ್ಲಿ ಮಾತ್ರ ಇರಿಸಿಕೊಂಡರೆ ಸಾಲದು.

ಹರಿದ್ವಾರ ಮತ್ತು ಋಷಿಕೇಶಗಳಲ್ಲಿ ನೇರ ನೋಂದಣಿಯ ಕೌಂಟರುಗಳನ್ನು ತೆರೆಯಲಾಗುತ್ತದೆಯಾದರೂ ಅವುಗಳನ್ನೇ ನಂಬಿಕೊಂಡು ಹೊರಡುವುದು ಸರಿಯಲ್ಲ. 2024ರ ಮೇ 10ರಂದು ಯಾತ್ರೆ ಆರಂಭವಾದ ಕೆಲವೇ ದಿನಗಳಲ್ಲಿ ಧಾಮಗಳಲ್ಲಿ ಜನಸಂದಣಿ ಮಿತಿಮೀರಿದ ಕಾರಣ ಈ ಕೌಂಟರುಗಳಲ್ಲಿ ನೋಂದಣಿಯನ್ನು ಸ್ಥಗಿತಗೊಳಿಸಲಾಯಿತು. ನೋಂದಣಿ ಇಲ್ಲದೆ ಬಂದಿದ್ದ ಸಾವಿರಾರು ಯಾತ್ರಿಗಳು ಮೇ ತಿಂಗಳ ಬಿಸಿಲಿನಲ್ಲಿ ದಿನಗಟ್ಟಲೆ ಕಾದು, ಹಲವರು ದರ್ಶನವಿಲ್ಲದೆ ಹಿಂದಿರುಗಬೇಕಾಯಿತು. ಟಿಕೆಟ್ ಹಣ, ರಜೆ ಎರಡೂ ವ್ಯರ್ಥ. ವರ್ಷಗಟ್ಟಲೆ ಹಣ ಕೂಡಿಸಿ ಒಮ್ಮೆ ಮಾತ್ರ ಹೊರಡಲು ಸಾಧ್ಯವಾಗುವ ಕುಟುಂಬಗಳ ಪಾಲಿಗೆ ಇದು ಸಣ್ಣ ನಷ್ಟವಲ್ಲ.

ಪ್ರವಾಸ ಏಜೆಂಟರ ಮೂಲಕ ತೆರಳುವವರು "ನೋಂದಣಿ ಆಗಿದೆ" ಎಂಬ ಮಾತಿಗೆ ತೃಪ್ತರಾಗದೆ, ತಮ್ಮ ಹೆಸರಿನ ಪತ್ರವನ್ನು ಹಣದ ಕೊನೆಯ ಕಂತು ಪಾವತಿಸುವ ಮೊದಲೇ ಪಡೆದು, ಹೆಸರು ಮತ್ತು ದಿನಾಂಕಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಗುಂಪಿನಲ್ಲಿ ಒಬ್ಬರ ಪತ್ರ ಮತ್ತೊಬ್ಬರಿಗೆ ಸಲ್ಲುವುದಿಲ್ಲ. ವಿದೇಶದಲ್ಲಿ ನೆಲೆಸಿ ಆ ದೇಶದ ಪೌರತ್ವ ಪಡೆದಿರುವ ಕನ್ನಡಿಗರು ಪಾಸ್‌ಪೋರ್ಟ್ ವಿವರಗಳೊಂದಿಗೆ ನೋಂದಾಯಿಸಬೇಕಾಗುತ್ತದೆ.

ಕೇದಾರನಾಥದ ಹೆಲಿಕಾಪ್ಟರ್ ಟಿಕೆಟುಗಳನ್ನು ಐ.ಆರ್.ಸಿ.ಟಿ.ಸಿ.ಯ ಹೆಲಿಯಾತ್ರಾ ಜಾಲತಾಣದಲ್ಲಿ ಮಾತ್ರ ಕಾಯ್ದಿರಿಸಬಹುದು. ಅದಕ್ಕೂ ಮೊದಲು ಯಾತ್ರಾ ನೋಂದಣಿ ಆಗಿರಬೇಕು. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಾಣಿಸುವ ಜಾಲತಾಣಗಳಲ್ಲಿ ನಕಲಿಗಳಿರುತ್ತವೆ. ವಾಟ್ಸ್‌ಆ್ಯಪ್ ಮೂಲಕ ಟಿಕೆಟ್ ಕಳುಹಿಸುವುದಾಗಿ ಹೇಳಿ ಖಾಸಗಿ ವ್ಯಕ್ತಿಯ ಖಾತೆಗೆ ಹಣ ಕೇಳಿದಲ್ಲಿ ಅದು ವಂಚನೆಯೆಂದೇ ತಿಳಿಯತಕ್ಕದ್ದು. ಹಣ ಕಳೆದುಕೊಂಡವರು ವಿಳಂಬವಿಲ್ಲದೆ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ಅಪರಾಧ ದೂರು ದಾಖಲಿಸಬೇಕು. ಹವಾಮಾನ ಕೆಟ್ಟಲ್ಲಿ ಹೆಲಿಕಾಪ್ಟರ್ ಹಾರಾಟ ರದ್ದಾಗುವುದು ಸಹಜ. 2025ರ ಜೂನ್ 15ರಂದು ಗೌರಿಕುಂಡದ ಬಳಿ ಸಂಭವಿಸಿದ ಅಪಘಾತದಲ್ಲಿ ಹೆಲಿಕಾಪ್ಟರಿನಲ್ಲಿದ್ದ ಏಳು ಮಂದಿಯೂ ಮೃತಪಟ್ಟರು. ಹಾರಾಟ ರದ್ದಾದಾಗ ಸಿಬ್ಬಂದಿಯೊಂದಿಗೆ ವಾದಕ್ಕಿಳಿಯುವುದು ತರವಲ್ಲ.

ಬಾಗಿಲು ತೆರೆಯುವ ಮತ್ತು ಮುಚ್ಚುವ ಕಾಲ

ಗಂಗೋತ್ರಿ ಮತ್ತು ಯಮುನೋತ್ರಿ ದೇವಾಲಯಗಳು ಅಕ್ಷಯ ತೃತೀಯದಂದು ತೆರೆಯುವುದು ವಾಡಿಕೆ. ಬದರಿನಾಥದ ದಿನಾಂಕವನ್ನು ವಸಂತ ಪಂಚಮಿಯಂದು ಋಷಿಕೇಶದ ಸಮೀಪದ ನರೇಂದ್ರನಗರದ ಅರಮನೆಯಲ್ಲಿಯೂ, ಕೇದಾರನಾಥದ ದಿನಾಂಕವನ್ನು ಮಹಾಶಿವರಾತ್ರಿಯಂದು ಊಖೀಮಠದಲ್ಲಿಯೂ ಘೋಷಿಸಲಾಗುತ್ತದೆ. ಆದುದರಿಂದ ಶಿವರಾತ್ರಿಗೆ ಮುನ್ನವೇ ದಿನಾಂಕ ನಿಗದಿಪಡಿಸಿ ಹಣ ಪಡೆಯುವ ಏಜೆಂಟರ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ದೀಪಾವಳಿಯ ನಂತರದ ಯಮದ್ವಿತೀಯದಂದು ಕೇದಾರನಾಥದ ಬಾಗಿಲು ಮುಚ್ಚುತ್ತದೆ. ಬದರಿನಾಥವು ನವೆಂಬರ್ ಮಧ್ಯಭಾಗದ ಸುಮಾರಿಗೆ ಮುಚ್ಚುತ್ತದೆ.

ಚಳಿಗಾಲದಲ್ಲಿ ಕೇದಾರನಾಥನ ಉತ್ಸವಮೂರ್ತಿಯನ್ನು ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ತಂದು ಪೂಜಿಸಲಾಗುತ್ತದೆ. ಕನ್ನಡ ನಾಡಿಗೆ ಈ ಕ್ಷೇತ್ರದೊಂದಿಗೆ ವಿಶೇಷ ಸಂಬಂಧವಿದೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವು ಊಖೀಮಠದಲ್ಲಿದ್ದು, ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ ಮತ್ತು ಕಾಶಿ ಪೀಠಗಳೊಂದಿಗೆ ಎಣಿಕೆಯಾಗುತ್ತದೆ. ಕೇದಾರನಾಥ ದೇವಾಲಯದ ರಾವಲರು ಇದೇ ಪರಂಪರೆಯವರು. ಪೂಜೆಯನ್ನು ರಾವಲರು ಸ್ವತಃ ನೆರವೇರಿಸುವುದಿಲ್ಲ. ಅವರ ನಿರ್ದೇಶನದಂತೆ ಅರ್ಚಕರು ನೆರವೇರಿಸುತ್ತಾರೆ. ಈ ಅರ್ಚಕರೂ ಕರ್ನಾಟಕ ಮೂಲದ ವೀರಶೈವ ಜಂಗಮ ಮನೆತನಗಳಿಂದ ಬರುವುದು ರೂಢಿ. ಸುಮಾರು 1,300 ಮೀಟರ್ ಎತ್ತರದಲ್ಲಿರುವ ಊಖೀಮಠಕ್ಕೆ ವಾಹನದಲ್ಲಿಯೇ ತಲುಪಬಹುದು. ಹೃದ್ರೋಗ, ಮಂಡಿನೋವು ಅಥವಾ ಉಸಿರಾಟದ ತೊಂದರೆಯಿಂದ ಕೇದಾರಕ್ಕೆ ಏರಲಾಗದ ಹಿರಿಯರಿಗೆ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಇಲ್ಲಿ ದರ್ಶನ ಮಾಡಿಸುವುದು ಮನೆಯವರು ಪರಿಗಣಿಸಬೇಕಾದ ಮಾರ್ಗ.

ಎತ್ತರ ಮತ್ತು ಆರೋಗ್ಯ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಕೇದಾರನಾಥ ದೇವಾಲಯವಿರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ವಾಹನ ಮಾರ್ಗ ಮುಗಿಯುವ ಗೌರಿಕುಂಡವೇ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯಷ್ಟು ಎತ್ತರದಲ್ಲಿದ್ದು, ಅಲ್ಲಿಂದ ಮೇಲಕ್ಕೆ ಸುಮಾರು 16ರಿಂದ 18 ಕಿ.ಮೀ. ನಡೆಯಬೇಕು. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ದೇಹವು ಇದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಹೆಲಿಕಾಪ್ಟರ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಮೇಲೇರುವವರಿಗೆ ಈ ಕಾಲಾವಕಾಶ ದೊರೆಯುವುದೇ ಇಲ್ಲ. ನಡೆಯುವ ಶ್ರಮ ಉಳಿಯಿತೆಂಬ ಕಾರಣಕ್ಕೆ ಹೃದ್ರೋಗಿಗಳು ನಿಶ್ಚಿಂತರಾಗುವಂತಿಲ್ಲ.

ಸುಮಾರು 2,500 ಮೀಟರ್ ಮೀರಿದ ನಂತರ ತಲೆನೋವು, ವಾಕರಿಕೆ, ಹಸಿವಾಗದಿರುವುದು, ನಿದ್ರೆ ಬಾರದಿರುವುದು ಕಂಡುಬಂದಲ್ಲಿ ಅದನ್ನು ಪ್ರಯಾಣದ ಆಯಾಸವೆಂದು ತಳ್ಳಿಹಾಕದೆ ಅಲ್ಲಿಯೇ ವಿಶ್ರಮಿಸಬೇಕು. ವಿಶ್ರಾಂತಿಯಲ್ಲಿರುವಾಗಲೂ ಏದುಸಿರು, ಕೆಮ್ಮು, ತುಟಿ ನೀಲಿಯಾಗುವುದು, ಮಾತಿನಲ್ಲಿ ಗೊಂದಲ ಅಥವಾ ಹೆಜ್ಜೆ ತಪ್ಪುವುದು ಅಪಾಯದ ಸೂಚನೆಗಳು. ಅಂತಹ ವ್ಯಕ್ತಿಯನ್ನು ಬೆಳಗಾಗುವವರೆಗೆ ಕಾಯದೆ, ಮಾರ್ಗದ ವೈದ್ಯಕೀಯ ಕೇಂದ್ರದ ನೆರವು ಪಡೆದು, ಕೆಳಗಿನ ಎತ್ತರಕ್ಕೆ ಇಳಿಸುವುದೇ ಮುಖ್ಯ ಚಿಕಿತ್ಸೆ. ದರ್ಶನಕ್ಕೆ ಇನ್ನು ಎರಡೇ ಕಿಲೋಮೀಟರ್ ಉಳಿದಿದೆಯೆಂಬ ಹಟ ಪ್ರಾಣಕ್ಕೆ ಕುತ್ತಾಗಬಹುದು.

ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಆಸ್ತಮಾ ಇರುವವರು ಹಾಗೂ 50 ವರ್ಷ ಮೀರಿದವರು ಹೊರಡುವ ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಪ್ರತಿದಿನದ ಔಷಧಿಗಳನ್ನು ಯಾತ್ರೆಯ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚಾಗಿ ಕೊಂಡೊಯ್ದು, ಅವುಗಳನ್ನು ಕತ್ತೆಯ ಮೇಲೆ ಹೇರುವ ಗಂಟಿನಲ್ಲಿ ಇಡದೆ ಕೈಚೀಲದಲ್ಲಿ ಇರಿಸಿಕೊಳ್ಳಬೇಕು. ಹೊರಡುವ ಒಂದು ತಿಂಗಳ ಮೊದಲಿನಿಂದ ಪ್ರತಿದಿನ ನಾಲ್ಕೈದು ಕಿ.ಮೀ. ನಡೆದು ಅಭ್ಯಾಸ ಮಾಡಿದವರಿಗೆ ಮೇಲೆ ಬಹಳ ಅನುಕೂಲ. ಉಪವಾಸವಿದ್ದು ಏರುವುದನ್ನು ವೈದ್ಯರು ಒಪ್ಪುವುದಿಲ್ಲ. ಋಷಿಕೇಶದಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದ್ದು, ಗಂಭೀರ ಪ್ರಕರಣಗಳನ್ನು ಇಲ್ಲಿಗೆ ಕಳುಹಿಸಲಾಗುತ್ತದೆ.

ಮಳೆ, ಭೂಕುಸಿತ ಮತ್ತು ಚಾರಣ

ಹಿಮಾಲಯವು ಭೂವಿಜ್ಞಾನದ ದೃಷ್ಟಿಯಿಂದ ಇನ್ನೂ ಎಳೆಯ ಪರ್ವತ. ಪಶ್ಚಿಮ ಘಟ್ಟಗಳ ಗಟ್ಟಿ ಶಿಲೆಗೆ ಹೋಲಿಸಿದಲ್ಲಿ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಪದರಗಳು ಸಡಿಲವಾಗಿದ್ದು, ಜೋರು ಮಳೆಗೆ ಸುಲಭವಾಗಿ ಜರಿಯುತ್ತವೆ. 2013ರ ಜೂನ್ 16 ಮತ್ತು 17ರಂದು ಕೇದಾರನಾಥದಲ್ಲಿ ಸಂಭವಿಸಿದ ದುರಂತದಲ್ಲಿ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಕರ್ನಾಟಕದ ಯಾತ್ರಿಗಳೂ ಮಾರ್ಗಮಧ್ಯೆ ಸಿಲುಕಿದ್ದರು. 2025ರ ಆಗಸ್ಟ್ 5ರಂದು ಗಂಗೋತ್ರಿ ಮಾರ್ಗದ ಧರಾಲಿ ಗ್ರಾಮಕ್ಕೆ ಕೆಸರು ಪ್ರವಾಹ ನುಗ್ಗಿತು. ಅದೇ ವರ್ಷದ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಡೆಹ್ರಾಡೂನ್ ಬಳಿಯ ವಿಹಾರ ತಾಣ ಸಹಸ್ರಧಾರಾದಲ್ಲಿ ಪ್ರವಾಹ ಉಂಟಾಯಿತು. ಜೂನ್ ಕೊನೆಯ ವಾರದಿಂದ ಸೆಪ್ಟೆಂಬರ್ ಮಧ್ಯದವರೆಗೆ ಯಾತ್ರೆಯನ್ನು ಮುಂದೂಡುವುದೇ ಉಚಿತ. ಅನಿವಾರ್ಯವಾಗಿ ಹೋಗುವವರು ಭಾರತೀಯ ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನು ದಿನವೂ ಗಮನಿಸಿ, ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಇರುವ ದಿನ ತಂಗಿರುವ ಸ್ಥಳದಿಂದ ಹೊರಡತಕ್ಕದ್ದಲ್ಲ. ಮಳೆಯಿಲ್ಲದ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಸಹ ಮೇಲೆ ಹಿಮ ಬೀಳುವುದುಂಟು.

ಚಾರಣಿಗರ ವಿಷಯದಲ್ಲಿ 2024ರ ಜೂನ್ ತಿಂಗಳ ಘಟನೆಯನ್ನು ಇಲ್ಲಿ ಹೇಳುವುದು ಅವಶ್ಯ. ಕರ್ನಾಟಕದವರೇ ಹೆಚ್ಚಾಗಿದ್ದ 22 ಜನರ ತಂಡವೊಂದು ಉತ್ತರಕಾಶಿ ಜಿಲ್ಲೆಯ ಸಹಸ್ತ್ರತಾಲ್ ಚಾರಣಕ್ಕೆ ತೆರಳಿ, ಹಿಂದಿರುಗುವಾಗ ಹಿಮಗಾಳಿಗೆ ಸಿಲುಕಿತು. 9 ಮಂದಿ ಮೃತಪಟ್ಟರು. ಉಳಿದವರನ್ನು ರಾಜ್ಯ ವಿಪತ್ತು ಸ್ಪಂದನಾ ಪಡೆ ಮತ್ತು ವಾಯುಪಡೆಯ ನೆರವಿನಿಂದ ರಕ್ಷಿಸಲಾಯಿತು. ತಂಡದಲ್ಲಿದ್ದವರಲ್ಲಿ ಹಿಂದೆ ಚಾರಣ ಮಾಡಿ ಅನುಭವವಿದ್ದವರೂ ಇದ್ದರು. ನಾಲ್ಕು ಸಾವಿರ ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಮೈ ನೆನೆದು ಗಾಳಿಗೆ ಸಿಕ್ಕರೆ ಕೆಲವೇ ಗಂಟೆಗಳಲ್ಲಿ ದೇಹದ ಉಷ್ಣತೆ ಕುಸಿದು ಸಾವು ಸಂಭವಿಸಬಹುದು. ಚಾರಣಕ್ಕೆ ಮುನ್ನ ಅರಣ್ಯ ಇಲಾಖೆಯ ಅನುಮತಿ ಪತ್ರದಲ್ಲಿ ಪ್ರತಿಯೊಬ್ಬರ ಹೆಸರು ಇದೆಯೇ, ಮಾರ್ಗದರ್ಶಕರು ನೋಂದಾಯಿತರೇ, ಹವಾಮಾನ ಕೆಟ್ಟಲ್ಲಿ ಹಿಂದಿರುಗುವ ನಿರ್ಧಾರ ಯಾರದು, ಸಂಪರ್ಕ ಸಾಧನ ಏನಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ಹಣ ತೆತ್ತ ಪ್ರತಿಯೊಬ್ಬರಿಗೂ ಇದೆ. ಗಂಗೋತ್ರಿಯಿಂದ ಗೋಮುಖಕ್ಕೆ ಹೋಗಲು ಉತ್ತರಕಾಶಿಯಲ್ಲಿ ಅರಣ್ಯ ಇಲಾಖೆಯ ಪರವಾನಗಿ ಪಡೆಯಬೇಕಾಗಿದ್ದು, ದಿನಕ್ಕೆ 150 ಮಂದಿಗೆ ಮಾತ್ರ ಅವಕಾಶವಿರುತ್ತದೆ.

ಸಹಾಯಧನ

ಚಾರ್‌ಧಾಮ್ ಯಾತ್ರೆ ಪೂರ್ಣಗೊಳಿಸಿದ ಕರ್ನಾಟಕದ ಯಾತ್ರಾರ್ಥಿಗಳಿಗೆ ರಾಜ್ಯದ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಇಲಾಖೆಯಿಂದ ತಲಾ ರೂ. 20,000 ಸಹಾಯಧನ ನೀಡುವ ಯೋಜನೆಯಿದ್ದು, ಅರ್ಜಿಗಳನ್ನು ಸೇವಾ ಸಿಂಧು ಜಾಲತಾಣದ ಮೂಲಕ ಸ್ವೀಕರಿಸಲಾಗುತ್ತದೆ. ಅರ್ಹತೆಯ ಷರತ್ತುಗಳು ಮತ್ತು ಅರ್ಜಿ ಸಲ್ಲಿಸುವ ಅವಧಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡ ನಂತರವೇ ಈ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಬೇಕು. ಇದು ಯಾತ್ರೆಯ ನಂತರ ದೊರೆಯುವ ನೆರವೇ ಹೊರತು ಮುಂಗಡವಲ್ಲ. ಸಾಲ ಮಾಡಿ ಹೊರಡುವವರು ಇದನ್ನು ಮರೆಯಬಾರದು.

ಪ್ರಯಾಣದ ಟಿಕೆಟುಗಳು, ಯಾತ್ರಾ ನೋಂದಣಿ ಪತ್ರ, ಪ್ರತಿ ಧಾಮದಲ್ಲಿ ಪಡೆದ ರಸೀದಿಗಳು ಮತ್ತು ಛಾಯಾಚಿತ್ರಗಳನ್ನು ಊರಿಗೆ ಹಿಂದಿರುಗುವವರೆಗೆ ಜೋಪಾನವಾಗಿರಿಸಿಕೊಳ್ಳಬೇಕು. ಟಿಕೆಟಿನಲ್ಲಿ "ರಾಮಣ್ಣ", ಆಧಾರ್‌ನಲ್ಲಿ "ರಾಮಪ್ಪ", ಬ್ಯಾಂಕ್ ಖಾತೆಯಲ್ಲಿ ಮತ್ತೊಂದು ಬಗೆ, ಹೀಗೆ ಹೆಸರಿನ ವ್ಯತ್ಯಾಸವಿದ್ದಲ್ಲಿ ಅರ್ಜಿಯ ವಿಲೇವಾರಿಗೆ ಅಡ್ಡಿಯಾಗುತ್ತದೆ. ಯಾತ್ರೆಗೆ ಮೊದಲೇ ಇದನ್ನು ಸರಿಪಡಿಸಿಕೊಂಡರೆ ತಾಲ್ಲೂಕು ಕಚೇರಿಗೆ ಅಲೆದಾಡುವುದು ತಪ್ಪುತ್ತದೆ.

ವಸತಿ ಮತ್ತು ತುರ್ತು ಸಂಪರ್ಕ

ಗಢವಾಲ್ ಮಂಡಲ ವಿಕಾಸ ನಿಗಮದ ವಸತಿಗೃಹಗಳು ಯಾತ್ರಾ ಮಾರ್ಗದ ಮುಖ್ಯ ಸ್ಥಳಗಳಲ್ಲೆಲ್ಲ ಇವೆ. ಮೇ ಮತ್ತು ಜೂನ್ ತಿಂಗಳಿಗೆ ಎರಡು ಮೂರು ತಿಂಗಳು ಮುಂಚಿತವಾಗಿ ಕಾಯ್ದಿರಿಸುವುದು ಅಗತ್ಯ. ಮೇಲಿನ ಊರುಗಳಲ್ಲಿ ಎ.ಟಿ.ಎಂ. ಮತ್ತು ಮೊಬೈಲ್ ಪಾವತಿಯನ್ನು ಪೂರ್ಣವಾಗಿ ಅವಲಂಬಿಸದೆ ಋಷಿಕೇಶದಲ್ಲಿಯೇ ನಗದು ಪಡೆದುಕೊಳ್ಳತಕ್ಕದ್ದು. ಹಿಂದಿ ತಿಳಿಯದ ಹಿರಿಯರ ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಸೇವಿಸುವ ಔಷಧಿ, ತಂಗಿರುವ ವಸತಿಗೃಹ ಮತ್ತು ಜೊತೆಗಾರರ ಮೊಬೈಲ್ ಸಂಖ್ಯೆಯನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದು ಇರಬೇಕು. ಜನಸಂದಣಿಯಲ್ಲಿ ಗುಂಪಿನಿಂದ ಬೇರ್ಪಟ್ಟ ಕನ್ನಡ ಮಾತ್ರ ಬಲ್ಲ ಅಜ್ಜ ಅಜ್ಜಿಯರಿಗೆ ಈ ಚೀಟಿಗಿಂತ ದೊಡ್ಡ ಆಸರೆ ಇಲ್ಲ. ಪ್ರತಿದಿನದ ಪ್ರಯಾಣದ ವಿವರದ ಪ್ರತಿಯೊಂದನ್ನು ಊರಿನಲ್ಲಿರುವ ಮನೆಯವರಿಗೆ ಕೊಟ್ಟು ಹೊರಡಬೇಕು. ವಿಪತ್ತಿನ ಸಂದರ್ಭದಲ್ಲಿ ಹುಡುಕಾಟ ಆರಂಭವಾಗುವುದು ಅದರಿಂದಲೇ.

ಉತ್ತರಾಖಂಡದಲ್ಲಿ ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ಪ್ರವಾಸಿ ಸಹಾಯವಾಣಿಗೆ 1364 ಮತ್ತು ರಾಜ್ಯ ವಿಪತ್ತು ನಿಯಂತ್ರಣ ಕೊಠಡಿಗೆ 1070 ಸಂಖ್ಯೆಗಳನ್ನು ಬಳಸಬಹುದು. ಸಂಕಷ್ಟದಲ್ಲಿರುವವರ ಸಂಬಂಧಿಕರು ಕರ್ನಾಟಕದಿಂದ 1070 ಸಂಖ್ಯೆಗೆ ಕರೆ ಮಾಡಿದಲ್ಲಿ ಕರೆಯು ಕರ್ನಾಟಕದ ನಿಯಂತ್ರಣ ಕೊಠಡಿಗೆ ಹೋಗುತ್ತದೆ. ಅಲ್ಲಿ ಯಾತ್ರಿಯ ಪೂರ್ಣ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ, ಕೊನೆಯ ಬಾರಿ ಮಾತನಾಡಿದ ಸ್ಥಳ ಮತ್ತು ಸಮಯ ಹಾಗೂ ವಾಹನದ ನೋಂದಣಿ ಸಂಖ್ಯೆಯನ್ನು ತಿಳಿಸಬೇಕು.